ಬಿಸಿಲಿಗೆ ಹೊದಿಸಿದ ಕೌದಿ

ಒಂದು ಇಡೀ ಬೇಸಿಗೆ ನನ್ನ ಗಂಡ ಕಳ್ಳನೆಂದೇ ನಾನು ತಿಳಿದಿದ್ದೆ. ಸುಳ್ಳು ಯಾಕೆ ಹೇಳಲಿ? ಅದು ಊರಿಗೆಲ್ಲ ಲೋಡ್‌ಶೆಡ್ಡಿಂಗ್ ಇದ್ದ ಕಾಲ. ಮಿರಜದ ನಮ್ಮ ಸಹಕಾರಿ ಔದ್ಯೋಗಿಕ ವಸಾಹತಿನಲ್ಲಿ ಕರೆಂಟು ಹೋಯಿತೆಂದರೆ ಸಾಲಿಗೆ ಸಾಲೇ ಯಂತ್ರಗಳು ಸುಮ್ಮನಾಗುತ್ತಿದ್ದವು. ನಮ್ಮ ವರ್ಕ್‌ಶಾಪಿನ ಲೇಥ್ ಮಾತ್ರ ತಿರುಗುತ್ತಲೇ ಇರುತ್ತಿತ್ತು. ಬ್ಯಾಟರಿ ಇಲ್ಲ, ಜನರೇಟರ್ ಇಲ್ಲ. ಕೇಳಿದರೆ ನಮ್ಮವರು, "ಬಿಸಲಿನ ಮ್ಯಾಲ ನಡೀತೈತಿ," ಎನ್ನುತ್ತಿದ್ದರು. ಬಿಸಿಲಿಗೆ ಹಪ್ಪಳ ಒಣಗುತ್ತದೆ, ಶ್ಯಾವಿಗೆ ಒಣಗುತ್ತದೆ, ಅದು ನನಗೂ ಗೊತ್ತು. ಕಬ್ಬಿಣ ಕೊರೆಯುವ ಯಂತ್ರವೂ ಬಿಸಿಲಿಗೇ ತಿರುಗುತ್ತದೆ ಎಂದರೆ, ಇವರು ನನ್ನ ಕಿವಿಯ ಮೇಲೆ ಹೂವಿಡಲು ಹೊರಟಿದ್ದಾರೆ ಎಂದೇ ಅನ್ನಿಸಿತು.

ಅನುಮಾನ ನನಗೆ ತವರಿನ ಬಳುವಳಿ. ನಮ್ಮಪ್ಪ ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಷಿಣದ ಅಡತಿ ಅಂಗಡಿ ಇಟ್ಟಿದ್ದವರು. ಕಸಬೆ ಡಿಗ್ರಜದಿಂದ ಯಾರಾದರೂ ಅರಿಷಿಣ ಹೇರಿಕೊಂಡು ಬಂದರೆ ಅಪ್ಪ ನಮಸ್ಕಾರಕ್ಕಿಂತ ಮೊದಲು ತೋಳು ಮಡಚಿ ಚೀಲದ ತಳಕ್ಕೆ ಕೈ ಇಳಿಸುತ್ತಿದ್ದರು. ಬಾಯಿಗೆ ಬಂಗಾರದಂಥದ್ದನ್ನು ಹರಡಿ ತಳಕ್ಕೆ ಹುಳುಕು ತುಂಬುವವರು ಆಗಲೂ ಇದ್ದರು. ಅಪ್ಪ ಒಂದು ಕೊಂಬು ಎಳೆದು, ಕಟಕ್ಕನೆ ಮುರಿದು, ಒಳಗಿನ ಬಣ್ಣ ನೋಡಿ, ಆಮೇಲೆ "ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?" ಎಂದು ಕೇಳುವರು. ನಮಗೂ ಅದನ್ನೇ ಕಲಿಸಿದರು. "ಮದಲ ಮುರದು ನೋಡ್ರಿ, ಆಮ್ಯಾಲ ಮಾತಾಡ್ರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯಾರು ಸುಮ್ನ ಹೇಳಿಲ್ಲ." ನನ್ನನ್ನು ನೋಡಲು ಬಂದ ಗಂಡಿನ ಕೈಗೂ ಉಪ್ಪಿಟ್ಟಿನ ತಾಟಿನ ಜೊತೆ ಒಂದು ಕೆಟ್ಟ ಟೇಬಲ್ ಫ್ಯಾನ್ ಕೊಟ್ಟರು. ಮೋಟಾರು ರಿಪೇರಿ ಮಾಡುತ್ತೇನೆ ಎಂದು ಹೇಳಿಕೊಂಡಿದ್ದ ಹುಡುಗ ಅಲ್ಲವೇ? ಫ್ಯಾನ್ ತಿರುಗಿತು, ಮದುವೆಯಾಯಿತು.

ಆದರೆ ನಮ್ಮವರ ಊರಾದ ಆರಗದಲ್ಲಿ ನಾನು ಸೊಸೆಯಾಗಿ ಹೊಸ್ತಿಲು ದಾಟಿದ ದಿನ ಅಂಗಳದ ಚಪ್ಪರಕ್ಕೆಲ್ಲ ಬಣ್ಣಬಣ್ಣದ ದೀಪ ಉರಿಯುತ್ತಿದ್ದವು. ಆ ಕರೆಂಟೆಲ್ಲ ಬೀದಿಯ ಕಂಬಕ್ಕೆ ಕೊಕ್ಕೆ ಹಾಕಿ ತಂದದ್ದು ಎಂದು ನಮ್ಮವರೇ ನನಗೆ ನಗುತ್ತ ಹೇಳಿದ್ದರು. "ಊರಾಗ ಎಲ್ಲಾರೂ ಹಾಕ್ತಾರ ತಗೋ, ಮದವಿ ಅಂದ್ರ ಯಾರೂ ಕೇಳಂಗಿಲ್ಲ." ನಾನು ಆಗ ನಗಲಿಲ್ಲ. ಆ ಮಾತನ್ನು ಮರೆಯಲೂ ಇಲ್ಲ.

ವಸಾಹತಿನ ಆ ಶೆಡ್ಡಿಗೆ ನಮ್ಮಲ್ಲಿ ಗಾಳಾ ಅನ್ನುತ್ತಾರೆ. ಗಾಳಾ ನನ್ನ ಹೆಸರಿನಲ್ಲಿತ್ತು. ಆಗ ಸಾಂಗಲಿ ಸೀಮೆಯಲ್ಲಿ ಎಲ್ಲದಕ್ಕೂ ಒಂದು ಸಹಕಾರಿ ಸೊಸೈಟಿ. ಸಕ್ಕರೆಗೆ, ಹಾಲಿಗೆ, ನೂಲಿಗೆ, ಸಾಲಕ್ಕೆ, ಕೊನೆಗೆ ನಮ್ಮಂಥ ಸಣ್ಣ ಕಾರಖಾನೆಗಳಿಗೂ ಒಂದು. ಹೆಂಗಸರಿಗೆ ಗಾಳಾ ಬೇಗ ಸಿಗುತ್ತದೆ ಎಂದು ಗಂಡಸರೆಲ್ಲ ಹೆಂಡತಿಯ ಹೆಸರಿನಲ್ಲಿ ಅರ್ಜಿ ಹಾಕುತ್ತಿದ್ದರು. ಸದಸ್ಯರ ಯಾದಿ ನೋಡಿದರೆ ಎಲ್ಲ ಹೆಂಗಸರು, ಸಭೆಗೆ ಬಂದು ಕೂಡುವವರು ಎಲ್ಲ ಗಂಡಸರು. ನಾನು ಹಾಗಲ್ಲ. ಗಿರಾಕಿಗಳ ಹತ್ತಿರ ಮಾತಾಡುವವಳು ನಾನು, ಕೆಲಸ ಹಿಡಿಯುವವಳು ನಾನು. ಸಭೆಯಲ್ಲೂ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದೆ. ಇಬ್ಬರಿಗೂ ಅನ್ನ ಹಾಕುತ್ತಿದ್ದುದು ಆ ಗಾಳಾ. ಸೊಸೈಟಿಯ ನಿಯಮವೂ ಸ್ಪಷ್ಟ ಇತ್ತು. ಕರೆಂಟು ಕದ್ದದ್ದು ಸಿಕ್ಕರೆ ಗಾಳಾ ಖಾಲಿ ಮಾಡಬೇಕು. ಹಿಂದಿನ ಸಾಲಿನ ಒಬ್ಬನನ್ನು ಹೀಗೇ ಹೊರಗೆ ಹಾಕಿದ್ದರು. ಅವನ ಹೆಂಡತಿ ಬೀದಿಯಲ್ಲಿ ಯಂತ್ರದ ಪಕ್ಕ ಕೂತು ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕೊಕ್ಕೆ ಹಾಕಿದವನು ಅವನು, ಮಾನ ಹೋದದ್ದು ಆಕೆಯದು.

ಈಗ ಆ ಪೆಟ್ಟಿಗೆಯ ಕಥೆಗೆ ಬರುತ್ತೇನೆ. ಮುಚ್ಚಿಹೋದ ಒಂದು ಸಹಕಾರಿ ನೂಲಿನ ಗಿರಣಿಯ ಗುಜರಿ ಹರಾಜಿನಲ್ಲಿ ನಮ್ಮವರು ಸುಟ್ಟುಹೋದ ಕೆಲವು ಡ್ರೈವ್‌ಗಳನ್ನು ತಂದರು. ನೂಲುವ ಯಂತ್ರದ ಮೋಟಾರುಗಳ ವೇಗ ಏರಿಸಿ ಇಳಿಸುವ ಪೆಟ್ಟಿಗೆಗಳಂತೆ ಅವು. ಆಮೇಲೆ ಕೊಲ್ಹಾಪುರದ ಗುಜರಿಯವನಿಂದ, ಹಳ್ಳಿಯ ಟೆಲಿಫೋನ್ ಕೇಂದ್ರಗಳ ಮೇಲಿದ್ದ ಹಳೆಯ ಸೋಲಾರ್ ಫಲಕಗಳು ಒಂದು ಟೆಂಪೋ ತುಂಬ ಬಂದವು. ಕೆಲವು ಬಿರುಕು ಬಿಟ್ಟಿದ್ದವು, ಕೆಲವಕ್ಕೆ ಪಾರಿವಾಳ ತನ್ನ ಮುದ್ರೆ ಒತ್ತಿತ್ತು. ನಾನು ಉಟ್ಟ ಸೀರೆಯ ಸೆರಗಿನಲ್ಲೇ ಒರೆಸಿಕೊಟ್ಟೆ. ಅಷ್ಟು ದಿನ ನನಗೆ ಯಾವ ಅನುಮಾನವೂ ಇರಲಿಲ್ಲ, ಬರೀ ಸಿಟ್ಟಿತ್ತು. ಸಿಟ್ಟು ಯಾಕೆಂದರೆ, ಆ ಡ್ರೈವ್‌ಗಳ ಹೊಟ್ಟೆಯಿಂದ ಬಿಚ್ಚಿ ತೆಗೆದ ಸಾಮಾನನ್ನೆಲ್ಲ ಜೋಡಿಸಿ ಇಡಲು ತಗಡಿನ ಪೆಟ್ಟಿಗೆ ಬೇಕಾಗಿ, ನಮ್ಮವರು ನನ್ನ ತವರಿನ ಟ್ರಂಕಿಗೆ ಡ್ರಿಲ್ ಹಾಕಿಬಿಟ್ಟಿದ್ದರು! ಗಾಳಿ ಆಡಲು ತೂತು ಬೇಕಂತೆ.

"ಕೇಳು, ಸಿಟ್ಟಿಗೇಳಬ್ಯಾಡ," ಎಂದು ಅವರು ವಿವರಿಸಿದರು. "ಲೈನಿನ ಕರೆಂಟ ಈ ಪೆಟಿಗಿ ಒಳಗ ಬಂದ ಕೂಡ್ಲೆ ಮದಲ ಸೀದಾ ಆಗತೈತಿ. ಆಮ್ಯಾಲ ಅದನ್ನ ಕತ್ತರಿಸಿ ಮೋಟಾರಿಗೆ ಬೇಕಾದಂಗ ಮಾಡಿ ಕಳಸತೈತಿ. ಫಲಕ ಕೊಡೂದ ಸೀದಾ ಕರೆಂಟ. ಹಂಗಾದ್ರ ಲೈನ್ ಯಾಕ, ಬ್ಯಾಟರಿ ಯಾಕ? ಫಲಕದ್ದ ತಂದು ನಡುವಿನ ಹೊಟ್ಟಿಗೇ ಕೊಟ್ರಾತು."

"ಮೋಡ ಬಂದ್ರ?"

"ಮೋಟಾರು ಮೆಲ್ಲಕ ತಿರಗತೈತಿ. ಅದಕ್ಕ ಒಂದು ಸರ್ಕಿಟ್ ಮಾಡೇನಿ. ಭಾಳ ಮೋಡ ಬಂದ್ರ ನಿಂತಬಿಡತೈತಿ. ನಾವೂ ಕುಂತು ಚಹಾ ಕುಡೀಬೇಕು."

ಮಾತು ಚೆನ್ನಾಗಿತ್ತು. ಚೆನ್ನಾದ ಮಾತು ಕೇಳಿದಾಗಲೇ ಚೀಲದ ತಳಕ್ಕೆ ಕೈ ಹಾಕಬೇಕು ಎಂಬುದು ನಮ್ಮ ಮನೆತನದ ಪಾಠ.

ಮಳೆಗಾಲ ಕಳೆದು ಚಳಿಗಾಲ ಮುಗಿಯುವ ತನಕ ಆ ಟ್ರಂಕು ಏನನ್ನೂ ತಿರುಗಿಸಲಿಲ್ಲ. ಢಬ್ ಎಂದು ಸದ್ದು ಬರುವುದು, ಸುಟ್ಟ ವಾಸನೆ ಬರುವುದು, ನಮ್ಮವರು "ಇವನೌನ," ಎಂದು ಬೈದು ಹೊಸ ಬಿಡಿಭಾಗ ಹಾಕುವುದು. ಇಷ್ಟೇ ನಡೆದಿತ್ತು. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ, ನಾನು ಡಬ್ಬಿ ತೆಗೆದುಕೊಂಡು ಹೋದಾಗ, ವಸಾಹತಿಗೆಲ್ಲ ಕರೆಂಟಿಲ್ಲ, ನಮ್ಮ ಲೇಥ್ ಮಾತ್ರ ಝುಂಯ್ ಎನ್ನುತ್ತಿದೆ! ನಮ್ಮವರ ಮುಖ ನೋಡಬೇಕಿತ್ತು. ನನಗೆ ಆ ಹೊತ್ತಿಗೆ ಸಂತೋಷವೇ ಆಯಿತು. ಊಟ ಮಾಡುವಾಗ ಮಾತ್ರ ಇಷ್ಟು ದಿನ ಆಗದ್ದು ಇವತ್ತು ಹೇಗಾಯಿತು ಎಂಬ ಹುಳ ಹೊಕ್ಕಿತು.

ಆ ಹುಳಕ್ಕೆ ಮೇವು ಹಾಕಿದವರು ಪಕ್ಕದ ಗಾಳಾದ ಕಾಕಾ. ಖಂಡೇರಾಜುರಿ ಊರಿನವರು, ವಯಸ್ಸಾದವರು, ಪೈಪಿನ ಕೆಲಸ ಮಾಡಿಸುತ್ತಿದ್ದರು. ಡೀಸೆಲ್ ಜನರೇಟರ್ ಇಟ್ಟು ಲೋಡ್‌ಶೆಡ್ಡಿಂಗಿನ ಹೊತ್ತಿನಲ್ಲಿ ಅಕ್ಕಪಕ್ಕದವರಿಗೆಲ್ಲ ಬಾಡಿಗೆಗೆ ಕರೆಂಟು ಕೊಡುತ್ತಿದ್ದರು. ನಾವೂ ಮೊದಲು ಅವರಿಂದಲೇ ತೆಗೆದುಕೊಳ್ಳುತ್ತಿದ್ದೆವು, ಈಗ ಬಿಟ್ಟಿದ್ದೆವು. ಕಾಕಾ ನನ್ನನ್ನು ನಳದ ಹತ್ತಿರ ತಡೆದು ನಿಲ್ಲಿಸಿದರು.

"ಯವ್ವಾ, ನೀ ಸಾವಕಾರ ಮನೀ ಮಗಳು. ನಿನಗ ತಿಳೀತೈತಿ. ನಿನ್ನ ಗಂಡ ಆ ಪೆಟಿಗೀಗೆ ಇನ್ವರ್ಟರ್ ಅಂತಾನ. ಇನ್ವರ್ಟರ್ ಅಂದ ಮ್ಯಾಲ ಬ್ಯಾಟರಿ ಇರಬೇಕೋ ಬ್ಯಾಡೋ?"

"ಇರಬೇಕ್ರಿ ಕಾಕಾ."

"ನಿಮ್ಮಲ್ಲಿ ಐತೇನು?"

"ಇಲ್ರಿ."

"ಹಿಂದ ಆಸ್ಪತ್ರಿ ಲೈನ್ ಹೋಗೇತಿ, ನೋಡೀಯಿಲ್ಲೋ? ಆ ಲೈನಿನ್ಯಾಗ ಎಂದಾದ್ರೂ ಕರೆಂಟ ಹೋಗತೈತೇನು?"

ಅಷ್ಟು ಹೇಳಿ ಕಾಕಾ ತಮ್ಮ ಕೊಡ ಹೊತ್ತುಕೊಂಡು ಹೋದರು.  ಮಿರಜ ಆಸ್ಪತ್ರೆಗಳ ಊರು. ವಸಾಹತಿನ ಹಿಂಗೋಡೆಯ ಆಚೆ ಕಂಬಗಳ ಒಂದು ಸಾಲು ಇತ್ತು. ಅದು ಆಸ್ಪತ್ರೆಗಳಿಗೆ ಹೋಗುವ ಲೈನು, ಅದಕ್ಕೆ ಲೋಡ್‌ಶೆಡ್ಡಿಂಗ್ ಇಲ್ಲ. ಒಬ್ಬರ ಹೊಟ್ಟೆ ಕೊಯ್ದು ಮಲಗಿಸಿರುವ ಟೇಬಲ್ಲಿನ ದೀಪದ ಕರೆಂಟನ್ನು ನನ್ನ ಗಂಡ ಲೇಥ್‌ಗೆ ತಿರುಗಿಸಿಕೊಂಡಿದ್ದಾನೆಯೇ? ಶಿವ ಶಿವಾ!

ಅಂದಿನಿಂದ ನಾನು ಬೇಹುಗಾರ್ತಿಯಾದೆ. ಕಾಣಬಾರದ್ದೇ ಕಂಡಿತು. ಹಿಂಗೋಡೆಯ ಉದ್ದಕ್ಕೆ ಒಂದು ದಪ್ಪ ತಂತಿ ಇಳಿದು ನೆಲದಲ್ಲಿ ಮಾಯವಾಗಿತ್ತು. ನಮ್ಮವರು ಆಗಾಗ ಅಲ್ಲಿ ಬಗ್ಗಿ ಕೂತು ಏನೋ ಮಾಡುತ್ತಿದ್ದರು, ನಾನು ಹೋದರೆ ಎದ್ದು ಬರುತ್ತಿದ್ದರು. ನನ್ನದೇ ಟ್ರಂಕಿಗೆ ಬೀಗ ಜಡಿದು ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದರು. ಕೇಳಿದರೆ, "ಒಳಗ ಮುನ್ನೂರು ವೋಲ್ಟ್ ಐತಿ, ಹಿಡಕೊಂಡ್ರ ಬಿಡಂಗಿಲ್ಲ, ನೀ ಮುಟ್ಟಬ್ಯಾಡ," ಎನ್ನುವರು. ಸಂಜೆಯ ಹೊತ್ತಿಗೆ ಸರಿಯಾಗಿ ಯಂತ್ರ ನಿಲ್ಲಿಸಿ "ಇವತ್ತಿಗೆ ಸಾಕು," ಎಂದು ಕೈ ತೊಳೆಯುವರು. ಮೊದಲು ದೀಪ ಹಚ್ಚಿದ ಮೇಲೂ ದುಡಿಯುತ್ತಿದ್ದ ಮನುಷ್ಯ! ಲೈನ್‌ಮನ್ ಸೈಕಲ್ ಮೇಲೆ ಗಸ್ತು ಬರುವುದೂ ಅದೇ ಹೊತ್ತು ಎಂದು ನಾನು ಗುರುತು ಹಾಕಿಕೊಂಡೆ.

ಒಂದು ದಿನ ಅವರು ಸಾಮಾನು ತರಲು ಸಾಂಗಲಿಗೆ ಹೋದಾಗ ಆ ತಂತಿ ಇಳಿದ ಜಾಗವನ್ನು ಕುಡಗೋಲಿನಿಂದ ಕೆದರಿದೆ. ತಂತಿ ಕಂಬದ ಕಡೆಗೆ ಹೋಗಿರಬೇಕು ಎಂದುಕೊಂಡಿದ್ದೆ. ಸಿಕ್ಕಿದ್ದು ಉಪ್ಪು ಮತ್ತು ಇದ್ದಲಿ.  ಕಳವಿನ ಜೊತೆಗೆ ಭಾನಾಮತಿಯನ್ನೂ ಶುರು ಮಾಡಿದ್ದಾರೋ ಏನೋ ಎಂದು ಕುಡಗೋಲು ಅಲ್ಲೇ ಬಿಟ್ಟು ಬಂದೆ. ಅರ್ಥಿಂಗ್ ಕುಳಿಗೆ ಉಪ್ಪು, ಇದ್ದಲಿ ಹಾಕಿ ನೀರು ಹನಿಸುತ್ತಾರೆ ಎಂದು ನನಗೆ ಆಮೇಲೆ ಗೊತ್ತಾಯಿತು. ಆಗ ಯಾರು ಹೇಳಬೇಕು? ಕೇಳುವುದು ಯಾರನ್ನು? ಗಂಡನನ್ನೇ ಕೇಳಿದರೆ ಮತ್ತೆ ಅದೇ ಬಿಸಿಲಿನ ಪುರಾಣ.

ಹೀಗೆ ರಾತ್ರಿ ನಿದ್ದೆ ಬಾರದೆ ಒದ್ದಾಡುತ್ತಿರುವಾಗ, ಅತ್ತಿ ಹಣ್ಣನ್ನು ಹೊರಗಿನಿಂದ ನೋಡಿ ಎಷ್ಟು ದಿನ ಕೂಡುತ್ತೀ, ಬಿಚ್ಚಿ ನೋಡು ಎಂದು ನನಗೇ ನಾನು ಹೇಳಿಕೊಂಡೆ. ಬಿಸಿಲಿನಿಂದ ನಡೆಯುವುದಾದರೆ ಬಿಸಿಲು ಮುಚ್ಚಿದರೆ ನಿಲ್ಲಬೇಕು. ಇಷ್ಟು ಸರಳ ಮಾತು ನನಗೆ ಅಷ್ಟು ದಿನ ಹೊಳೆದಿರಲಿಲ್ಲ ಎಂದು ನಾಚಿಕೆಯಾಯಿತು.

ಮರುದಿನ ಮನೆಯ ದೊಡ್ಡ ಕೌದಿಯನ್ನು ಒಗೆಯುವ ನೆಪ ಮಾಡಿ ವಸಾಹತಿಗೆ ಒಯ್ದೆ. ನಳದ ಹತ್ತಿರ ಒಗೆದು, ಹಿಂಡಿ, ಗೋಡೆಯ ಮೇಲೆ ಒಣಹಾಕಿದೆ. ಹಳೆಯ ಇಳಕಲ್ ಸೀರೆ, ಧೋತರಗಳನ್ನು ಪದರ ಪದರ ಹೊಲಿದ ಕೌದಿ, ಇಬ್ಬರು ಮಲಗಿದರೂ ಮಿಕ್ಕುವಷ್ಟು ದೊಡ್ಡದು. ಮಧ್ಯಾಹ್ನ ಕರೆಂಟು ಹೋಯಿತು. ವಸಾಹತು ಸುಮ್ಮನಾಯಿತು. ಕಾಕಾನ ಜನರೇಟರ್ ಡಗಡಗ ಎಂದು ಶುರುವಾಯಿತು, ನಮ್ಮ ಲೇಥ್ ಕೂಡ. ನಾನು ಒಣಗಿದ ಕೌದಿಯನ್ನು ಹೆಗಲಿಗೆ ಹಾಕಿಕೊಂಡು, ಸೀರೆ ಕಚ್ಚೆ ಕಟ್ಟಿ, ಹಿಂದಿನ ಕಬ್ಬಿಣದ ಏಣಿ ಹತ್ತಿದೆ. ಫಲಕಗಳು ಸ್ಲ್ಯಾಬಿನ ಮೇಲೆ ಸಾಲಾಗಿ, ಸರದ ಮಣಿಗಳ ಹಾಗೆ ಒಂದಕ್ಕೊಂದು ತಂತಿ ಕಟ್ಟಿಕೊಂಡು, ಬಿಸಿಲಿಗೆ ಮುಖ ಮಾಡಿದ್ದವು. ಆಕಾಶದಲ್ಲಿ ಒಂದು ತುಣುಕು ಮೋಡ ಇರಲಿಲ್ಲ. ಕೌದಿ ಬಿಚ್ಚಿ ತುದಿಯ ಕೆಲವು ಫಲಕಗಳ ಮೇಲೆ ಹೊದಿಸಿದೆ.

ಅಷ್ಟಕ್ಕೇ ಕೆಳಗೆ ಲೇಥಿನ ದನಿ ಸೋತು, ನರಳಿ, ನಿಂತಿತು.

"ಏ ಇದರ ಹೆಣಾ ಎತ್ತಲಿ!" ಎಂದು ನಮ್ಮವರು ಕೂಗಿದ್ದು ಕೇಳಿಸಿತು. ನಾನು ಫಲಕದ ಹಿಂದೆ ಹೊಟ್ಟೆಯ ಮೇಲೆ ಮಲಗಿಬಿಟ್ಟೆ. ಸ್ಲ್ಯಾಬು ಹೆಂಚಿನ ಹಾಗೆ ಸುಡುತ್ತಿತ್ತು. ನಮ್ಮವರು ಹೊರಗೆ ಬಂದು, ಹಣೆಗೆ ಕೈ ಹಚ್ಚಿ, ಆಕಾಶವನ್ನು ನಾಲ್ಕೂ ದಿಕ್ಕಿಗೆ ನೋಡಿದರು. ಎಲ್ಲಿಯ ಮೋಡ? ತಲೆ ಕೆರೆದುಕೊಂಡು ಒಳಗೆ ಹೋದರು. ನಾನು ಕೌದಿ ಎಳೆದೆ. ಸ್ವಲ್ಪ ಹೊತ್ತಿಗೆ ಅವರು ಗುಂಡಿ ಒತ್ತಿದರು, ಲೇಥ್ ತಿರುಗಿತು. ಒಮ್ಮೆ ಆದದ್ದು ಕಾಕತಾಳೀಯ ಇದ್ದೀತು ಎಂದು ಮತ್ತೊಮ್ಮೆ ಹೊದಿಸಿದೆ. ಮತ್ತೆ ನಿಂತಿತು. ಈ ಸಲ ಒಳಗೆ ಖಟಾರ್ ಎಂದು ಏನೋ ಮುರಿದ ಸದ್ದೂ ಬಂತು.

ಏಣಿ ಇಳಿಯುವಾಗ ನನಗೆ ನಗು ತಡೆಯಲಾಗುತ್ತಿರಲಿಲ್ಲ. ನನ್ನ ಗಂಡ ಕಳ್ಳನಲ್ಲ! ಖರೇನೇ ಬಿಸಿಲಿನಿಂದ ನಡೆಯುತ್ತದೆ! ಎಷ್ಟು ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ರಾತ್ರಿ ಹೋಳಿಗೆ ಮಾಡಿದೆ, ಯಾವ ಹಬ್ಬವೂ ಇರಲಿಲ್ಲ.

ನಮ್ಮವರು ಹೋಳಿಗೆಯನ್ನು ಬೆರಳಿನಿಂದ ಚಿವುಟುತ್ತ ಕೂತಿದ್ದರು. ಅರಿಷಿಣ ಪಾಲಿಶ್ ಮಾಡುವ ಡ್ರಮ್ಮಿನ ಶಾಫ್ಟು ಲೇಥಿಗೆ ಏರಿಸಿದ್ದರಂತೆ. ಕೊರೆಯುತ್ತಿರುವಾಗಲೇ ನಿಂತು ಟೂಲು ಮುರಿದು, ಶಾಫ್ಟಿಗೆ ಗೀರು ಬಿದ್ದು, ಕೆಲಸ ಕೆಟ್ಟಿತ್ತು. "ಮೋಡ ಇರಲಿಲ್ಲ," ಎಂದರು. "ಯಾಕ ನಿಂತಿತು? ನನಗ ತಿಳೀವಲ್ದು." ಮರುದಿನ ಟ್ರಂಕು ಬಿಚ್ಚಿದರು. ಒಂದೊಂದೇ ತಂತಿ ತೆಗೆದು ಹಾಕಿದರು, ಒಂದೊಂದೇ ಫಲಕ ಅಳೆದರು. ದೋಷ ಸಿಗಲಿಲ್ಲ. ಇಲ್ಲದ್ದು ಹೇಗೆ ಸಿಗಬೇಕು? ಅದರ ಮರುದಿನವೂ ಹುಡುಕಿದರು. ನಾನು ಚಹಾ ಮಾಡಿ ಒಯ್ದುಕೊಟ್ಟೆ. ಖರೇ ಸಂಗತಿ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಏನೆಂದು ಹೇಳಲಿ? ನಿಮ್ಮನ್ನು ಕಳ್ಳ ಎಂದುಕೊಂಡಿದ್ದೆ, ಅದಕ್ಕೆ ಕೌದಿ ಹೊದಿಸಿದೆ ಎಂದೇ? ಯಂತ್ರ ಮತ್ತೆ ಸರಿಯಾಗಿ ನಡೆಯತೊಡಗಿದರೆ ತಾವೇ ಮರೆಯುತ್ತಾರೆ ಎಂದು ಸುಮ್ಮನಾದೆ. ನಾನು ಮಾಡಿದ್ದು ತಪ್ಪೆಂದು ಆಗಲೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಗಾಳಾ ಇದ್ದದ್ದು ನನ್ನ ಹೆಸರಿನಲ್ಲಿ.

ಮರೆಯದವರು ಒಬ್ಬರಿದ್ದರು. ಕಾಕಾ.

ಸೊಸೈಟಿಯ ವಾರ್ಷಿಕ ಸಭೆ ಬಂತು. ನಮ್ಮಲ್ಲಿ ಸಭೆ ಯಾವಾಗಲೂ ಕೆಲಸ ಬಿಟ್ಟ ಮೇಲೆ, ಹೊತ್ತು ಮುಳುಗುವಾಗ, ಆಫೀಸಿನ ಮುಂದಿನ ಬಯಲಿನಲ್ಲಿ. ಚೇರಮನ್ನರು ಒಂದು ಠರಾವಿನ ಮೊದಲ ಸಾಲು ಓದುವಷ್ಟರಲ್ಲಿ ಎಲ್ಲರೂ "ಮಂಜೂರ್! ಮಂಜೂರ್!" ಎಂದು ಕೂಗಿ ಮುಗಿಸುವುದು ರೂಢಿ. ಕೊನೆಗೆ ಭಡಂಗ, ಚಹಾ. ಚುರುಮುರಿಗೆ ಖಾರ ಹಚ್ಚಿದ ಆ ಭಡಂಗದ ವಾಸನೆ ಬರತೊಡಗಿತೆಂದರೆ ಯಾವ ಠರಾವಿನ ಮೇಲೂ ಚರ್ಚೆಯಿಲ್ಲ. ಆ ದಿನವೂ ಕರೆಂಟಿರಲಿಲ್ಲ, ಕಾಕಾನ ಜನರೇಟರಿನಿಂದಲೇ ಟ್ಯೂಬ್‌ಲೈಟ್ ಹಚ್ಚಿದ್ದರು. ನಾನು ಮುಂದಿನ ಸಾಲಿನಲ್ಲಿದ್ದೆ, ನಮ್ಮವರು ಹಿಂದೆ ಗಂಡಸರ ನಡುವೆ.

ಕಾಕಾ ಎದ್ದು ನಿಂತರು. ಮರಾಠಿಯಲ್ಲಿ ಶುರು ಮಾಡಿ, ಸಿಟ್ಟು ಬಂದ ಮೇಲೆ ಕನ್ನಡಕ್ಕೆ ತಿರುಗಿದರು. "ಈ ಗಾಳಾದವರು ಆಸ್ಪತ್ರಿ ಲೈನಿಗೆ ಕೈ ಹಾಕ್ಯಾರ. ಸರಕಾರದವರು ಹಿಡದ್ರ ಇಡೀ ಸೊಸೈಟಿ ಹೆಸರು ಕೆಡತೈತಿ. ಇವರ ಗಾಳಾ ಖಾಲಿ ಮಾಡಸ್ರಿ."

ನನ್ನ ಕಣ್ಣ ಮುಂದೆ ಬೀದಿಯಲ್ಲಿ ಅಳುತ್ತ ಕೂತಿದ್ದ ಆ ಹೆಂಗಸು ಬಂದು ನಿಂತ ಹಾಗಾಯಿತು.

"ಹಾಂಗ ಇಲ್ರಿ ಸಾಹೇಬ್ರ," ಎಂದು ನಮ್ಮವರು ಹಿಂದಿನಿಂದ ಹೇಳಿದರು. "ಅದು ಬಿಸಲಿನ ಮ್ಯಾಲ ನಡೀತೈತಿ. ನಾಳೆ ಮಧ್ಯಾನ ಬರ್ರಿ, ಫಲಕ ಮುಚ್ಚಿ ನಿಲ್ಲಿಸಿ ತೋರಸ್ತೇನಿ."

"ನಾಳೆ ತೋರಸೂದು ನಾಟಕ," ಎಂದರು ಕಾಕಾ. "ನೀ ಇವತ್ತ ರಾತ್ರಿ ವೈಯರ್ ತಗದ ಇಟ್ಟು, ನಾಳೆ ಏನ ಬೇಕಾದ್ದ ತೋರಸ್ತೀ. ಯಾರಿಗೂ ತೋರಸಲಾರ್ದಾಗ ಏನಾತು ಅದನ್ನ ಹೇಳು. ಮೊನ್ನೆ ನೆತ್ತಿ ಸುಡೂ ಬಿಸಲಿತ್ತು, ಒಂದು ಮೋಡ ಇರಲಿಲ್ಲ. ನಿನ್ನ ಲೇಥ್ ನಿಂತಿತು. ಚಾಲೂ ಆತು. ಮತ್ತ ನಿಂತಿತು. ನೀ ಹೊರಗ ಬಂದು ಆಕಾಶ ನೋಡಿದಿ, ನಾ ನನ್ನ ಬಾಗಲದಾಗ ನಿಂತು ನಿನ್ನ ನೋಡಿದೆ. ಬಿಸಲಿನ ಮ್ಯಾಲ ನಡಿಯೂದು ಬಿಸಲಾಗ ಯಾಕ ನಿಲ್ಲತೈತಿ? ಹಿಂದ ಕೊಕ್ಕಿ ಸಡಲ ಆಗಿತ್ತು, ಅದಕ್ಕ!"

ಸಭೆಗೆ ಸಭೆಯೇ ಹಿಂದಕ್ಕೆ ತಿರುಗಿ ನಮ್ಮವರನ್ನು ನೋಡಿತು.  "ಯಾಕ ನಿಂತಿತು ನನಗ ಗೊತ್ತಿಲ್ರಿ," ಎಂದರು ಅವರು. "ನಾನೂ ಹುಡುಕೇನಿ. ಸಿಗಲಿಲ್ಲ." ಖರೇ ಹೇಳುವವನ ದನಿ ಅದು, ಆದರೆ ಸಿಕ್ಕಿಬಿದ್ದವನ ದನಿಯ ಹಾಗೆಯೇ ಕೇಳಿಸಿತು. ಹಿಂದಿನಿಂದ ಯಾರೋ ಆಗಲೇ "ಮಂಜೂರ್," ಎಂದು ಶುರು ಮಾಡಿದರು.

ಚೇರಮನ್ನರು ಕೈ ಎತ್ತಿ ತಡೆದರು. ಹಿರಿಯರು, ಅವಸರದ ಮನುಷ್ಯ ಅಲ್ಲ. "ಗಾಳಾ ಈ ಅಕ್ಕನ ಹೆಸರಿಲೆ ಐತಿ," ಎಂದರು. "ಸದಸ್ಯರು ಆಕಿ. ಆಕಿ ಬೇಲ್‌ಭಂಡಾರ ಎತ್ತಲಿ."

ಬಿಲ್ವಪತ್ರೆ, ಅರಿಷಿಣದ ಭಂಡಾರ ಕೈಯಲ್ಲಿ ಹಿಡಿದು ಆಣೆ ಮಾಡುವುದು ನಮ್ಮ ಸೀಮೆಯ ಪದ್ಧತಿ. ಚುನಾವಣೆ ಬಂದರೆ ಮತದಾರರನ್ನು ಕಟ್ಟಿಹಾಕುವುದೂ ಅದರಿಂದಲೇ. ಸೊಸೈಟಿಯ ಯಾವ ನಿಯಮದಲ್ಲೂ ಅದು ಬರೆದಿರಲಿಲ್ಲ, ಆದರೆ ಭಂಡಾರ ಹಿಡಿದು ಸುಳ್ಳು ಹೇಳಿದವರನ್ನು ನಾನು ಕಂಡಿಲ್ಲ. ಆಫೀಸಿನ ದೇವರ ಫೋಟೋದ ಮುಂದಿನಿಂದ ಯಾರೋ ತಾಟು ತಂದರು. ಕಾಕಾ ಮತ್ತೆ ಎದ್ದರು. "ಬರೇ ಕಳವು ಮಾಡಿಲ್ಲಂತ ಹೇಳಿದ್ರ ನಡಿಯಂಗಿಲ್ಲ. ಆ ದಿನ ಯಾಕ ನಿಂತಿತು, ಗೊತ್ತಿದ್ರ ಅದನ್ನೂ ಹೇಳಿ ಎತ್ತಲಿ."

ಆಗ ನಮ್ಮವರು ಮುಂದೆ ಬಂದರು. ಅವರ ಮುಖ ಕೆಂಪಗಾಗಿತ್ತು. "ಆಕೀನ್ನ ಯಾಕ ಎಬ್ಬಸ್ತೀರಿ? ಆಕಿಗೇನು ಗೊತ್ತು ಪಾಪ? ಊರೆಲ್ಲಾ ನನ್ನ ಮ್ಯಾಲ ಸಂಶಯ ಪಟ್ಟಾಗ ಆಕಿ ಒಬ್ಬಾಕಿ ನನ್ನ ನಂಬ್ಯಾಳ. ಅದೊಂದ ಆಕೀ ತಪ್ಪು. ನಾನ ಎತ್ತತೇನಿ, ನನಗ ಕೊಡ್ರಿ."

ತಾಟು ನನ್ನ ಮುಂದಿತ್ತು. ಎರಡು ಮಾತು ಬಾಯಿಗೆ ಬಂದವು. ಆಸ್ಪತ್ರೆ ಲೈನು ಮುಟ್ಟಿಲ್ಲ, ಇದು ಒಂದು. ಯಾಕೆ ನಿಂತಿತೋ ನನಗೆ ಗೊತ್ತಿಲ್ಲ, ಇದು ಇನ್ನೊಂದು. ಮೊದಲನೆಯದು ಖರೇ, ಎರಡನೆಯದು ಸುಳ್ಳು. ಎರಡನೆಯದನ್ನು ಹೇಳಿದ್ದರೆ ಗಂಡನ ಮುಂದೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಕೈಯಲ್ಲಿ ಬಿಲ್ವಪತ್ರೆ ಹಿಡಿದು ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಹೇಗೆ ಹೇಳಲಿ? ಅಲ್ಲದೆ ಆ ಪ್ರಶ್ನೆಗೆ ಉತ್ತರ ಸಿಗದೆ ಗಾಳಾ ಉಳಿಯುವಂತಿರಲಿಲ್ಲ. ನಾನು ಭಂಡಾರ ಎತ್ತಿದೆ.

"ನಾನ ನಿಲ್ಲಿಸಿದೆ," ಎಂದೆ.

ಭಂಡಾರ ಹಿಡಿದ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ ಮುಂದುವರಿಸಿದೆ.

"ಇವರು ಆಸ್ಪತ್ರಿ ಲೈನಿಗೆ ಕೊಕ್ಕಿ ಹಾಕ್ಯಾರಂತ ನನಗೂ ಸಂಶೇ ಇತ್ತು. ಕಾಕಾಗ ಇದ್ದಷ್ಟ ಇತ್ತು. ಅದಕ್ಕ ಆವತ್ತ ಮ್ಯಾಲ ಹತ್ತಿ, ಇವರಿಗೆ ಹೇಳಲಾರ್ದ, ಕೌದಿ ತಗೊಂಡು ಫಲಕ ಮುಚ್ಚಿದೆ. ನಿಂತಿತು. ತಗದೆ, ಚಾಲೂ ಆತು. ಮತ್ತ ಮುಚ್ಚಿದೆ, ಮತ್ತ ನಿಂತಿತು. ಕರೆಂಟ ಕಂಬದಿಂದ ಬಂದಿದ್ರ ನನ್ನ ಕೌದಿಗೆ ಯಾಕ ನಿಲ್ಲತಿತ್ತು? ಸುಳ್ಳ ಹೇಳಿದ್ರ ಈ ಕೈ ಸೇದಿ ಹೋಗಲಿ."

 ಯಾರೋ ಕಿಸಕ್ಕೆಂದರು. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಇಡೀ ಬಯಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಸ್ವಂತ ಹೆಂಡ್ತಿನೂ ನಂಬಿಲ್ಲ, ನಮ್ಮದೇನು ಹಿಡದೀರಿ!" ಎಂದು ಒಬ್ಬರು ಕೂಗಿದರು. "ಮನಿಯಾಗ ಪೊಲೀಸ ಇದ್ದ ಮ್ಯಾಲ ಹೊರಗಿನ ಪೊಲೀಸ ಯಾಕ?" ಎಂದು ಇನ್ನೊಬ್ಬರು. ಚೇರಮನ್ನರೂ ಟೋಪಿ ತೆಗೆದು ಮುಖ ಒರೆಸಿಕೊಂಡು ನಕ್ಕರು. ಕಾಕಾ ಮಾತ್ರ ನಗದೆ ಬಂದು ತಾಟನ್ನು ನನ್ನ ಕೈಯಿಂದ ತೆಗೆದುಕೊಂಡರು. "ಸಾವಕಾರ ಮಗಳು ಖರೇ," ಎಂದರು. "ನಾ ತಪ್ಪಿದೆ ಬಿಡವ್ವಾ." ಠರಾವು ಬಿದ್ದುಹೋಯಿತು. "ಮಂಜೂರ್! ಮಂಜೂರ್!" ಎಂದು ಜನ ಅದಕ್ಕೂ ಕೂಗಿದರು. ಭಡಂಗ ಬಂತು. ನಮ್ಮ ಗಾಳಾ ಉಳಿಯಿತು.

ನಾನು ತಿರುಗಿ ನೋಡಿದೆ. ನಮ್ಮವರು ನಗುತ್ತಿರಲಿಲ್ಲ. ಜನ ಅವರ ಬೆನ್ನು ತಟ್ಟುತ್ತಿದ್ದರು, "ಭಾರೀ ಇನ್ವರ್ಟರ್ ಮಾಡೀರಿ," ಎನ್ನುತ್ತಿದ್ದರು. ಅವರು ಎಲ್ಲರಿಗೂ ತಲೆ ಆಡಿಸುತ್ತ ಸ್ಕೂಟರಿನ ಕಡೆಗೆ ನಡೆದರು. ಭಡಂಗದ ಪೊಟ್ಟಣ ನನ್ನ ಕೈಯಲ್ಲೇ ಉಳಿಯಿತು.

ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ, ಬೇಗ ಮುಗಿಯುವಂಥದ್ದಲ್ಲ. ನಮ್ಮವರು ಸ್ಕೂಟರು ಬಂದ್ ಮಾಡಿ ಒಂದು ಕಾಲು ಊರಿ ನಿಂತರು. ನಾನು ಹಿಂದೆ ಕೂತಿದ್ದೆ, ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಒಳಗೆ ಮಾತುಗಳು ತಯಾರಾಗಿದ್ದವು. ನಮ್ಮ ಗಾಳಾ ಉಳಿಸಿದವಳು ನಾನು ಎನ್ನಬೇಕು. ನಂಬಿಕೆಯಿಂದ ಆಣೆ ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ, ಸಂಶಯಪಟ್ಟು ನೋಡಿದ್ದೆ, ಅದಕ್ಕೇ ಕೇಳಿದರು ಎನ್ನಬೇಕು. ಅವರು ಬೈಯಲಿ ಎಂದು ಕಾಯುತ್ತಿದ್ದೆ. ಬೈದರೆ ನನಗೂ ಬಾಯಿಯಿದೆ.

ಅವರು ಬೈಯಲಿಲ್ಲ.

"ನಾ ಟ್ರಂಕ್ ಬಿಚ್ಚಿ ದೋಷ ಹುಡುಕೂಮುಂದ ನೀ ಚಹಾ ತಂದುಕೊಟ್ಟಿ," ಎಂದರು.

"ಹೂಂ."

ಗಾಡಿಯ ಡಬ್ಬಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವರು ಆ ಕಡೆಗೇ ನೋಡುತ್ತ, "ಇವತ್ತ ಎಲ್ಲಾರೂ ನಕ್ಕರು," ಎಂದರು. "ಅವತ್ತ ನೀನ ನನಗ ಹೇಳಿದ್ರ ನಾನೂ ನಗತಿದ್ದೆ."

ಗೇಟು ಎದ್ದಾಗ ನಾನು ಭಡಂಗದ ಪೊಟ್ಟಣವನ್ನು ಹಿಂದಿನಿಂದ ಅವರ ಕಿಸೆಗೆ ಇಳಿಸಿದೆ.